ಹನ್ನೊಂದು ನೋಟ್‌ಬುಕ್ಕು, ಒಂದು ಉಂಡೆ ಬೆಲ್ಲ

ಈ ಕತೆಯನ್ನು ಮೊದಲು ಹೇಳಿದವರು ಮಳವಳ್ಳಿ ತಾಲ್ಲೂಕು ಬೆಳಕವಾಡಿಯ ನಿವೃತ್ತ ಹೆಡ್ ಕಾನ್ಸ್‌ಟೇಬಲ್ ಕೆಂಪರಾಜು. ಹೇಳಿದ್ದು 2025ರ ಫೆಬ್ರವರಿ 9ರ ಬೆಳಿಗ್ಗೆ, ಊರಿನ ಹಾಲಿನ ಡೈರಿಯ ಜಗುಲಿಯಲ್ಲಿ. ಹಾಲು ಅಳೆಯುವ ಯಂತ್ರ ಕೆಟ್ಟು, ಏಳೆಂಟು ಮಂದಿ ಕ್ಯಾನು ಮುಂದಿಟ್ಟುಕೊಂಡು ಕುಳಿತಿದ್ದರು.

2024ರ ಜನವರಿ 8, ಸೋಮವಾರ, ಬೆಳಿಗ್ಗೆ 10-20. ಕೆಂಪರಾಜು ಆಗ ಮದ್ದೂರು ಠಾಣೆಯಲ್ಲಿದ್ದರು. ಬೆಸಗರಹಳ್ಳಿ ರಸ್ತೆಯ ಖಾಸಗಿ ಜೀವಕೋಶ ಸಂಶೋಧನಾ ಕೇಂದ್ರದ ಹಿರಿಯ ವಿಜ್ಞಾನಿ ಡಾ. ಚಲುವನಾರಾಯಣ ದೂರು ತಂದರು. ಭಾನುವಾರ ಪ್ರಯೋಗಾಲಯದ ಕಪಾಟಿನಿಂದ ಹನ್ನೊಂದು ನೋಟ್‌ಬುಕ್ಕುಗಳು ಕಳುವಾಗಿವೆ. ಕದ್ದವಳು ಐದು ವರ್ಷದಿಂದ ತಮ್ಮ ಕೈಕೆಳಗೆ ಪಿಎಚ್.ಡಿ. ಮಾಡುತ್ತಿರುವ ತನ್ಮಯಿ, ಎರಡನೆಯ ಕೀಲಿ ಇರುವುದು ಅವಳೊಬ್ಬಳಲ್ಲೇ. ಇನ್ಸ್‌ಪೆಕ್ಟರ್ ಮುಸರತ್ ಎಫ್‌ಐಆರ್ ದಾಖಲಿಸಿದರು.

12-05ಕ್ಕೆ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ. ವಿಜ್ಞಾನಿಯ ಕಂಪ್ಯೂಟರಿನ ಪರದೆಯಲ್ಲಿ 612 ಎಂಬ ಅಂಕಿ ಕಾಣುತ್ತಿತ್ತು.

"ಇದೇನು ಡಾಕ್ಟ್ರೇ?" ಎಂದರು ಮುಸರತ್.

"ನನ್ನ 2016ರ ಪ್ರಬಂಧವನ್ನ ಬೇರೆಯವರ ಆರುನೂರ ಹನ್ನೆರಡು ಪ್ರಬಂಧಗಳು ಉಲ್ಲೇಖಿಸಿವೆ. ನಮ್ಮ ಸಂಸ್ಥೇಲಿ ಇನ್ಯಾರಿಗೂ ನೂರೂ ದಾಟಿಲ್ಲ."

"ನಿನ್ನೆ ಎಲ್ಲಿದ್ರಿ?"

"ಮಂಡ್ಯದ ಮನೇಲಿ. ಯಾರೂ ಬರಲಿಲ್ಲ, ನಾನೂ ಹೊಸ್ತಿಲು ದಾಟಲಿಲ್ಲ." ಮೇಜಿನ ಮೇಲಿದ್ದ ಬಾಳೆಲೆಯ ಪೊಟ್ಟಣ ಬಿಚ್ಚಿ ಪೊಲೀಸರಿಗೆ ಬೆಲ್ಲ ಮುರಿದು ಕೊಟ್ಟರು.

3-15ಕ್ಕೆ ಠಾಣೆಯಲ್ಲಿ ತನ್ಮಯಿಯ ವಿಚಾರಣೆ.

"ಪುಸ್ತಕ ಎಲ್ಲಮ್ಮ?" ಎಂದರು ಮುಸರತ್.

"ನಾನ್ಯಾಕೆ ಕದೀಲಿ ಮೇಡಂ? ಅವಿದ್ರೆ ತಾನೇ ನಾನು ಹೇಳಿದ್ದು ನಿಜ ಅಂತ ಗೊತ್ತಾಗೋದು?"

ಚಲುವನಾರಾಯಣರ ಆ 2016ರ ಪ್ರಬಂಧದ ಪ್ರಯೋಗವನ್ನು ಅವಳು ಎರಡು ವರ್ಷ ಮಾಡಿ ನೋಡಿದ್ದಳು. ಫಲಿತಾಂಶ ಒಮ್ಮೆಯೂ ಬಂದಿರಲಿಲ್ಲ. ಕೊನೆಗೆ ಕಂಡದ್ದಿಷ್ಟು: ಬೇರೆ ಬೇರೆ ಜೀವಕೋಶಗಳದ್ದೆಂದು ಅಚ್ಚಾಗಿದ್ದ ಎರಡು ಚಿತ್ರಗಳು ಒಂದೇ ಚಿತ್ರ, ಒಂದನ್ನು ತಿರುಗಿಸಿಟ್ಟಿದ್ದರು. ಪ್ರಬಂಧ ಅಚ್ಚಾಗಿದ್ದ ವಿಜ್ಞಾನ ಪತ್ರಿಕೆಗೆ ಬರೆದಳು. ಆ ಪ್ರಯೋಗ ಬರೆದಿಟ್ಟಿದ್ದ ಈ ಹನ್ನೊಂದು ಮೂಲ ನೋಟ್‌ಬುಕ್ಕುಗಳನ್ನು 15ನೇ ತಾರೀಕಿನೊಳಗೆ ತೋರಿಸಬೇಕೆಂದು ಪತ್ರಿಕೆ ವಿಜ್ಞಾನಿಯನ್ನು ಕೇಳಿತ್ತು.

"ಕಳ್ಳಿ ಅಂತ ಕೇಸಾದ್ರೆ ನನ್ನನ್ನ ತೆಗೆದುಹಾಕ್ತಾರೆ. ಐದು ವರ್ಷ ಮೇಡಂ."

ಕೆಂಪರಾಜು ಅಂಗೈ ನೋಡಿಕೊಂಡರು. ಬೆಲ್ಲದ ಜಿಗಿ ಇನ್ನೂ ಹೋಗಿರಲಿಲ್ಲ.

"ಮೇಡಂ, ಆ ಬೆಲ್ಲ ಅಂಗ್ಡೀದಲ್ಲ. ಅಂಗ್ಡೀಗೆ ಓಗದು ಅಚ್ಚಿಗೆ ಉಯ್ದಿದ್ದು. ಇದು ಕೈಲಿ ಉಂಡೆ ಕಟ್ಟಿರದು. ಆಲೆಮನೆಗೆ ಬಂದೋರ್ನ ಬರಿಗೈಲಿ ಕಳಿಸ್ಬಾರ್ದು ಅಂತ ಕೊಡ್ತಾರೆ. ಎಲೆ ಇನ್ನೂ ಬಾಡಿಲ್ಲ, ನೆನ್ನೇದೆ."

"ಹೊಸ್ತಿಲು ದಾಟಿಲ್ಲ ಅಂದ್ರಲ್ಲ?"

"ಬೆಲ್ಲನೇ ನಡ್ಕಂಡು ಬಂದಿರ್ಬೇಕು ಬುಡಿ."

ಬೆಸಗರಹಳ್ಳಿ ರಸ್ತೆಯಲ್ಲೇ ವಿಚಾರಿಸುತ್ತ ಹೋದ ಮೂರನೆಯ ಆಲೆಮನೆಯಲ್ಲಿ, ಸಂಜೆ 5-30ಕ್ಕೆ, ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದ ಚಿಕ್ಕಮಾದು ಸಿಕ್ಕಿದ.

"ನೆನ್ನೆ ಕಾರಲ್ಲಿ ಯಾರಾದ್ರೂ ಬಂದಿದ್ರೇನ್ಲಾ?"

"ಬಂದಿದ್ರು ಕಣಣ್ಣ, ಕನ್ನಡಕದೋರು. ಹಳೇ ಪುಸ್ತಕ ಸುಡ್ಬೇಕು ಅಂದ್ರು. ಉರೀತದೆ, ಆಕಿ ಅಂದೆ. ಓದ್ದೋರು, ಕಾಲಿಗೆ ಸಿಗಬಾರ್ದು ಅಂತ ಬೆಂಕಿಗೆ ಕೊಡ್ತಾವ್ರೆ ಅನ್ಕಂಡೆ."

"ಬೆಲ್ಲ ಕೊಟ್ಯಾ?"

"ಕೊಡ್ದೆ ಇರಕಾಯ್ತದಾ? ಬೇಡ ಬೇಡ ಅಂತಿದ್ರು, ನಾನೇ ಕಾರೊಳಕ್ಕೆ ಮಡಗ್ದೆ."

ಬೂದಿ ಕೆದಕಿದಾಗ ನೋಟ್‌ಬುಕ್ಕಿನ ಸುರುಳಿ ತಂತಿಗಳು ಸಿಕ್ಕವು. ಎಣಿಸಿದರೆ ಹನ್ನೊಂದು. ಪಂಚರ ಸಮಕ್ಷಮದಲ್ಲಿ ಜಪ್ತಿ ಮಾಡಿದರು. ಕಾರಿನವರು ಇವರೇ ಎಂದು ಚಿಕ್ಕಮಾದು ಫೋಟೊ ನೋಡಿ ಗುರುತಿಸಿದ.

ಜನವರಿ 9, ಬೆಳಿಗ್ಗೆ 9-10. ಸಂಸ್ಥೆಯ ದಾಖಲೆ ನಾಶ ಮಾಡಿ ಸುಳ್ಳು ದೂರು ಕೊಟ್ಟ ಆರೋಪದ ಮೇಲೆ ದೂರುದಾರರನ್ನೇ ಅವರ ಪ್ರಯೋಗಾಲಯದಲ್ಲಿ ಬಂಧಿಸಲಾಯಿತು. ಅವರು ಅಲ್ಲಗಳೆಯಲಿಲ್ಲ.

"ಒಂದೇ ಒಂದು ಚಿತ್ರ ಮೇಡಂ. ಆ ವರ್ಷ ಕೆಲಸ ಕಾಯಂ ಆಗಬೇಕಿತ್ತು. ಉಲ್ಲೇಖ ಐವತ್ತಾದಾಗ ಹೇಳಿಬಿಡೋಣ ಅಂದ್ಕೊಂಡಿದ್ದೆ. ಮುನ್ನೂರು ದಾಟಿದ ಮೇಲೆ, ಅಷ್ಟು ಜನ ನಂಬಿದ್ದಾರಲ್ಲ, ನಿಜವೇ ಇರಬೇಕು ಅಂತ ನನಗೇ ಅನ್ನಿಸೋಕೆ ಶುರುವಾಯ್ತು."

ಜೀಪಿನತ್ತ ಹೊರಡುವ ಮುಂಚೆ ಕಂಪ್ಯೂಟರಿನ ಪರದೆಯತ್ತ ಒಮ್ಮೆ ತಿರುಗಿ ನೋಡಿದರು.

ಹತ್ತು ತಿಂಗಳ ಮೇಲೆ, ವಿಚಾರಣೆಯ ದಿನ ಜಪ್ತಿಯಾಗಿದ್ದ ತನ್ನ ಫೋನು ಒಯ್ಯಲು ತನ್ಮಯಿ ಠಾಣೆಗೆ ಬಂದಳು.

"ಆ ಅಂಕಿ ಈಗ ಎಷ್ಟವ್ವಾ?" ಎಂದರು ಕೆಂಪರಾಜು.

"ಆರುನೂರ ನಲವತ್ತೊಂದು, ಅಂಕಲ್."

"ಆ ಪ್ರಬಂಧ ಪತ್ರಿಕೆಯೋರು ವಾಪಸ್ ತಕಂಡ್ರಲ್ಲ?"

"ತಗೊಂಡ್ರು. ಮೋಸಕ್ಕೆ ಇದೇ ಉದಾಹರಣೆ ಅಂತ ಬರೆಯೋರೂ ಅದನ್ನ ಉಲ್ಲೇಖಿಸಬೇಕಲ್ಲ. ಅದೂ ಅವರ ಲೆಕ್ಕಕ್ಕೇ ಸೇರುತ್ತೆ."

"ನಿಂದು?"

"ನಾನು ಬರೆದಿದ್ದೆಲ್ಲ ಅವರ ಜೊತೆ ಬರೆದಿದ್ದು. ಎಲ್ಲ ವಾಪಸ್ ಹೋಯ್ತು." ಫೋನಿನ ರಸೀದಿಗೆ ಸಹಿ ಹಾಕಿದಳು. "ಸೊನ್ನೆ."

ಡೈರಿಯ ಜಗುಲಿಯಲ್ಲಿ ಕೆಂಪರಾಜು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ದೇವಿರಮ್ಮ ಎಂಬ ಮುದುಕಿ ಕೇಳಿದಳು: "ಈಗ ಆ ಹೆಣ್ಮಗ ಏನ್ ಮಾಡ್ತದಪ್ಪ?"

"ಬ್ಯಾರೆ ಕಡೆ ಸೇರವಳೆ ಕಣವ್ವ. ಅದೇ ಓದ್ನ ತಿರ್ಗ ಮೊದಲ್ನೇ ವರ್ಸದಿಂದ."

ಯಂತ್ರ ಸರಿಹೋಯಿತೆಂದು ಒಳಗಿನಿಂದ ಕೂಗಿದರು. ಒಬ್ಬೊಬ್ಬರಾಗಿ ಎದ್ದು ಹಾಲು ಅಳೆಸಿ, ಕ್ಯಾನು ತೊಳೆದುಕೊಂಡು ಮನೆಗೆ ಹೋದರು.