ಕುರ್ವೆಯ ಆಧಾರಕಾಲ

ಹತ್ತು ಗಂಟೆಗೆ ಏಳು ನಿಮಿಷವಿರುವಾಗ ಮಾದೇವಿ ಅಂಬಿಗ ಶಾಲೆಯ ಹೊಸ್ತಿಲು ದಾಟಿದಳು. ಬಾಗಿಲ ಮೇಲಿನ ಕಾಲಸಾಕ್ಷಿ ಯಂತ್ರದ ಹಸಿರು ಕಣ್ಣು ಕೆಂಪಾಯಿತು. ಕೋಪವಾಗಲಿ ಕನಿಕರವಾಗಲಿ ಇಲ್ಲದ ದನಿಯಲ್ಲಿ ಅದು ನುಡಿಯಿತು: "ಐವತ್ತಮೂರು ನಿಮಿಷ ತಡ."

ಮುಖ್ಯೋಪಾಧ್ಯಾಯಿನಿ ಮುಕ್ತಾ ಶಾನಭಾಗರು ತಲೆ ತಗ್ಗಿಸಿದರು. ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಒಂದು ದಿನವೂ ತಡವಾಗಿ ಬಾರದ ಅವರಿಗೆ ಈ ಯಂತ್ರ ಬಂದಾಗ ತಮ್ಮ ಸ್ವಭಾವದ ಜೊತೆಗಾರನೇ ಸಿಕ್ಕಂತಾಗಿತ್ತು. ಹೊಸ್ತಿಲು ದಾಟುವ ಪ್ರತಿಯೊಬ್ಬರ ಹಾಜರಿಯನ್ನು, ಶಿಕ್ಷಕರದನ್ನೂ, ನಿಮಿಷ ನಿಮಿಷವಾಗಿ ಅಳೆದು, ಶೇಕಡಾವಾರು ಕಟ್ಟಿ, ಮಕ್ಕಳ ಲೆಕ್ಕವನ್ನು ಅದು ನೇರವಾಗಿ ಪರೀಕ್ಷಾ ಮಂಡಳಿಗೆ ಕಳುಹಿಸುತ್ತಿತ್ತು. ಈಗ ಅದೇ ಲೆಕ್ಕದಿಂದ ಮಾದೇವಿಗೆ ಹತ್ತನೆಯ ತರಗತಿಯ ಪರೀಕ್ಷೆ ತಪ್ಪುವುದರಲ್ಲಿತ್ತು. ಶಾಲೆಯ ಎದುರಿಗೆ, ಅಳಿವೆಯ ನಡುಗಡ್ಡೆಯಾದ ಕುರ್ವೆಯಿಂದ ಅಷ್ಟು ದೂರ ಓದಿದವಳು ಅವಳೊಬ್ಬಳೇ. ಸೋಮವಾರ ಪಟ್ಟಿಯಿಂದ ಅವಳ ಹೆಸರು ಅಳಿಸಿಹೋಗಲಿತ್ತು.

ಮುಕ್ತಾ ಅವರ ಕರೆಗೆ ಯಂತ್ರವನ್ನು ರೂಪಿಸಿದ ಡಾ. ಇಂದುಧರರೇ ಬಂದರು. ಯಂತ್ರ ತಪ್ಪುವುದಿಲ್ಲ ಎಂದು ಮೊದಲೇ ಎಚ್ಚರಿಸಿ, ವರ್ಷದ ದಾಖಲೆಗಳನ್ನು ಬಿಚ್ಚಿದರು.

"ತಡ ಅನ್ನೋದು ಯಂತ್ರಕ್ಕೆ ಗೊತ್ತಿಲ್ಲ, ಮೇಡಂ. ನಾವು ಒಂದು ಆಧಾರಕಾಲ ಕೊಡ್ತೀವಿ. ಅದಕ್ಕೆ ಹೋಲಿಸಿ ನೋಡೋದಷ್ಟೇ ಅದರ ಕೆಲಸ. ಇಲ್ಲಿ ಒಂಬತ್ತು ಗಂಟೆ ಕೊಟ್ಟಿದ್ದೀವಿ."

ಬೇಗ ಹೊರಡಬಾರದೇ ಎಂದು ಅವರು ಮಾದೇವಿಯನ್ನು ಕೇಳಿದರು. ಹುಡುಗಿ ಅವರ ಹೊಳೆಯುವ ಬೂಟುಗಳನ್ನು ಒಮ್ಮೆ ನೋಡಿದಳು.

"ಬೇಗ ಹೊರಟ್ರೆ ದೋಣಿ ಕೆಸರಲ್ಲೇ ಕೂತ್ಕಂತದೆ. ನೀರು ಏರಿದ ಕೂಡ್ಲೇ ಬರ್ತೆ ನಾನು. ನಿಮ್ಮ ಯಂತ್ರಕ್ಕೆ ನೀರು ಕಾಣೂದಿಲ್ಲ, ಅಲ್ಲಾ?"

ಇಂದುಧರರು ನಗಲಿಲ್ಲ. ಉಬ್ಬರವಿಳಿತದ ಪಟ್ಟಿಯನ್ನು ತರಿಸಿ ದಾಖಲೆಯ ಪಕ್ಕದಲ್ಲಿಟ್ಟರು. ಉಬ್ಬರ ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ಕುರ್ವೆಯ ಹತ್ತೊಂಬತ್ತು ಮಕ್ಕಳೂ ಅದರೊಡನೆಯೇ ಸರಿದಿದ್ದರು, ನಾಲ್ಕು ನಿಮಿಷವೂ ತಪ್ಪದಂತೆ. ಬೆಳಿಗ್ಗೆ ನೀರು ಬೇಗ ಇಳಿಯುವ ದಿನಗಳಲ್ಲಿ ಅವರು ಆರೂವರೆಗೇ ದಾಟಿ ಬಂದು, ಶಾಲೆಯ ಮೆಟ್ಟಿಲ ಮೇಲೆ ಒಂಬತ್ತರವರೆಗೆ ಕುಳಿತಿರುತ್ತಿದ್ದರು. ಬೇಗ ಬಂದವರನ್ನು ಬರೆದುಕೊಳ್ಳಲು ಯಂತ್ರದಲ್ಲಿ ಅಂಕಣವೇ ಇರಲಿಲ್ಲ.

ಶಾಲೆಯಲ್ಲಿ ಇರುವವರೆಲ್ಲ ಆ ಹತ್ತೊಂಬತ್ತು ಮಕ್ಕಳೇ. ಆಧಾರಕಾಲವನ್ನು ನೀರಿಗೆ ಬದಲಿಸಬಹುದೆಂದು ಇಂದುಧರರು ಹೇಳಿದರು. ಒಪ್ಪಿಗೆ ಮಾತ್ರ ಮುಖ್ಯೋಪಾಧ್ಯಾಯಿನಿಯದು. ಮುಕ್ತಾ ಅವರು ಕನ್ನಡಕ ಒರೆಸಿಕೊಂಡು ರುಜು ಹಾಕಿದರು. ಯಂತ್ರ ಇಡೀ ವರ್ಷದ ಲೆಕ್ಕವನ್ನು ಮತ್ತೆ ಕಟ್ಟಿತು. ಮಾದೇವಿಯ ಹಾಜರಿ ತೊಂಬತ್ತೊಂಬತ್ತಕ್ಕೆ ಏರಿತು. ಅವಳ ಹೆಸರು ಪಟ್ಟಿಯಲ್ಲಿ ಉಳಿಯಿತು.

ಮರುವಾರ ಒಂದು ಬೆಳಿಗ್ಗೆ, ಎಂದಿನಂತೆ ಒಂಬತ್ತಕ್ಕೆ ಐದು ನಿಮಿಷವಿರುವಾಗ, ಮುಕ್ತಾ ಅವರು ಸ್ಕೂಟರ್ ನಿಲ್ಲಿಸಿ ಹೊಸ್ತಿಲು ದಾಟಿದರು. ಯಂತ್ರದ ಕಣ್ಣು ಕೆಂಪಾಯಿತು.

"ಎರಡು ಗಂಟೆ ಹದಿನೈದು ನಿಮಿಷ ತಡ. ಈ ವರ್ಷದ ಹಾಜರಿ, ಶೇಕಡಾ ನಲವತ್ತಾರು."

ನೀರಿನ ಗಂಟೆ ಆರೂ ನಲವತ್ತಕ್ಕೇ ಬಾರಿಸಿತ್ತು. ಒಳಗೆ ಮಾದೇವಿ ಕರಿಹಲಗೆಯ ಮುಂದೆ ನಿಂತು ಚಿಕ್ಕವರಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಳು. ಹದಿನೆಂಟು ಮುಖಗಳು ಬಾಗಿಲತ್ತ ತಿರುಗಿದವು. ತಡವಾಗಿ ಬಂದ ಮಗುವನ್ನು ಈ ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಿದ್ದೆ ಎಂಬುದು ಮುಕ್ತಾ ಅವರಿಗೆ ನೆನಪಾಗಿ, ಕಾಲು ಮುಂದೆ ಬರಲಿಲ್ಲ.

ಆದರೆ ಕುರ್ವೆಯಲ್ಲಿ ಬೇರೆಯದೇ ರೂಢಿ. ತಡವಾಗಿ ಬಂದವರನ್ನು ಅಲ್ಲಿ ಯಾರೂ ಏಕೆಂದು ಕೇಳುವುದಿಲ್ಲ. ಒಂದೇ ಮಾತು ಕೇಳಿ, ಸರಿದು ಜಾಗ ಕೊಡುತ್ತಾರೆ. ಮುಂದಿನ ಬೆಂಚಿನ ಮಕ್ಕಳು ಆಗಲೇ ಸರಿಯುತ್ತಿದ್ದರು.

"ನೀರು ಸಿಕ್ಲಿಲ್ವಾ, ಅಕ್ಕೋರೇ?" ಎಂದಳು ಮಾದೇವಿ. ಆ ದನಿಯಲ್ಲಿ ಕುಹಕವಿರಲಿಲ್ಲ.

"ಸಿಕ್ಲಿಲ್ಲ ಮಗಾ," ಎಂದರು ಮುಕ್ತಾ, ಬೆಂಚಿನ ತುದಿಯಲ್ಲಿ ಕುಳಿತುಕೊಳ್ಳುತ್ತ. "ನಾಳೆ ಎಷ್ಟು ಹೊತ್ತಿಗೆ?"

"ಏಳೂವರೆಗೆ. ತಡಾ ಆದ್ರೂ ಅಡ್ಡಿಲ್ಲ, ಜಾಗ ಇಟ್ಟಿರ್ತೇವೆ."