ಮೊದಲ ತಟ್ಟೆ

“ಬಾಣಲೆ ಇಳಿಸೇ! ನಿಮ್ಮ ಚರ್ಚಿನ ಹಬ್ಬ ನನ್ನ ಒಲೆ ಮೇಲೆ ಯಾಕೆ?”

ಅತ್ತೆ ರುದ್ರಾಣಿ ಕೂಗಿದಾಗ ಮಾಲಾ ತಿರುಗಿಯೂ ನೋಡಲಿಲ್ಲ. ಸಂತೇಬೆನ್ನೂರಿನ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಬೈಸಿಕೊಂಡೇ ಬಾಳಿದವಳು ಅವಳು. ಆದರೆ ಇವತ್ತು ಕ್ರಿಸ್‌ಮಸ್. ಹೆತ್ತವ್ವ ಓಬವ್ವ ಸತ್ತ ಮೇಲೆ ಬಂದ ಮೊದಲ ಕ್ರಿಸ್‌ಮಸ್! ಇವತ್ತಾದರೂ ಅತ್ತೆಯ ಜತೆ ರಾಜಿಯಾಗಬೇಕೆಂದು ಕರ್ಜಿಕಾಯಿ ಕರಿಯಲು ಕೂತಿದ್ದಳು.

ತವರೂರು ಜಗಳೂರಿನ ಆ ಒಂದೇ ಕೋಣೆಯ ಮನೆ... ಅವ್ವ ಜೋಳದ ದಂಟು ಸೀಳಿ, ಕೆಂಪು ಹಾಳೆ ಅಂಟಿಸಿ ನಕ್ಷತ್ರ ಕಟ್ಟುತ್ತಿದ್ದಳು. ಮಗಳಿಗೆ ಹೊಸ ಫ್ರಾಕ್ ತೊಡಿಸಿ, ತಾನು ಹಳೇ ಸೀರೆಯಲ್ಲೇ ಚರ್ಚಿಗೆ ಬರುತ್ತಿದ್ದಳು. ಆಮೇಲೆ ಬೀದಿಗೆಲ್ಲ ಕರ್ಜಿಕಾಯಿ. ಅದಕ್ಕೊಂದು ಕಟ್ಟುನಿಟ್ಟು: ಆ ವರ್ಷ ಯಾರ ಜತೆ ಮಾತು ಬಿಟ್ಟಿದೆಯೋ ಅವರ ಮನೆಗೇ ಮೊದಲ ತಟ್ಟೆ. ನಲ್ಲಿ ನೀರಿಗೆ ಜುಟ್ಟು ಹಿಡಿದು ಜಗಳಾಡಿದ ಕರಿಯಕ್ಕನ ಮನೆಗೂ! ಮಾಲಾ ಹೋಗುವುದಿಲ್ಲವೆಂದು ಕಾಲು ಬಡಿದರೆ, “ಮುಖ ಊದಿಸ್ಕಂಡು ತಿಂದ್ರೆ ಹಬ್ಬದೂಟ ಗಂಟಲಾಗೆ ಇಳಿಯಲ್ಲ ಕಣೇ” ಎಂದು ನಗುತ್ತಿದ್ದಳು.

ಗಂಡ ಪರಶುರಾಮ್ ತಾಯಿಯ ಮಾತು ಮೀರಿ ಮಾಲಾಳನ್ನು ಕಟ್ಟಿಕೊಂಡ ಮೇಲೆ ಅವ್ವನ ಮೊದಲ ತಟ್ಟೆ ಡಬ್ಬಿ ಸೇರಿ ಬಸ್ಸು ಹತ್ತಿ ರುದ್ರಾಣಿಯ ಬಾಗಿಲಿಗೇ ಬರತೊಡಗಿತು. ಅವ್ವನನ್ನು ಒಳಗೆ ಕರೆಯುವ ಮಾತೇ ಇಲ್ಲ. ಅವಳು ಬೀದಿ ದಾಟುವುದೇ ತಡ, ಡಬ್ಬಿಯಲ್ಲಿದ್ದದ್ದೆಲ್ಲ ಎಮ್ಮೆಯ ಕಲಗಚ್ಚಿನ ಬಾನಿಗೆ! ಸಂಜೆ ಅವ್ವ ಫೋನಿನಲ್ಲಿ, “ಬೀಗ್ತಿ ತಿಂದ್ರೇನೇ?” ಎಂದು ಕೇಳುವಳು. ಮಾಲಾ ಅಳು ನುಂಗಿಕೊಂಡು, “ತಿಂದ್ರವ್ವ, ಭಾಳ ಚೆನ್ನಾಗೈತೆ ಅಂದ್ರು” ಎನ್ನುವಳು. ಆ ಸುಳ್ಳನ್ನು ನಂಬಿ ಪಾಪದ ಜೀವ ಮರುವರ್ಷ ಮತ್ತೆ ಬರುತ್ತಿತ್ತು...

ಮಾಲಾ ಬಿಸಿ ಕರ್ಜಿಕಾಯಿಗಳನ್ನು ತಟ್ಟೆಗೆ ಹಾಕಿ ಅತ್ತೆಯ ಮುಂದೆ ಹಿಡಿದಳು.

“ಒಂದೇ ಒಂದು ತಿನ್ರಿ ಅತ್ತೆ... ನಮ್ಮವ್ವನ ಹೆಸರಾಗೆ. ಎಲ್ಲಾ ಮರ್ತುಬಿಡಾಣ.”

ರುದ್ರಾಣಿ ನಕ್ಕಳು. “ಏನು ಮರೆಯಾದು? ನಿಮ್ಮವ್ವಗೂ ಎಲ್ಲಾ ಗೊತ್ತಿತ್ತು ಬಿಡು! ಹೋದ ವರ್ಷ ನೀನು ಅಂಗಡಿಗೆ ಹೋದಾಗ ಅವಳಿಗೆ ಹೇಳಿಬಿಟ್ಟೆ, ‘ನೀನು ತಂದಿದ್ದೆಲ್ಲ ನಮ್ಮ ಎಮ್ಮೆ ತಿಂದೈತೆ’ ಅಂತ. ಕರ್ಕಂಡು ಹೋಗಿ ಬಾನಿನೂ ತೋರಿಸ್ದೆ. ಖಾಲಿ ಡಬ್ಬಿ ಎತ್ಕಂಡು ಹೋದ್ಲು.”

ಮಾಲಾಳಿಗೆ ಹೋದ ವರ್ಷದ ಆ ಫೋನು ನೆನಪಾಯಿತು. ಆ ಸಂಜೆ ಅವ್ವ ಏನನ್ನೂ ಕೇಳಿರಲಿಲ್ಲ. “ಬೀಗ್ತಿ ಒಳಗೆ ಕರ್ದು ಕೂರಿಸಿ ಕಾಫಿ ಕೊಟ್ರು ಕಣೇ. ನೀನು ಒಳ್ಳೆ ಮನೆ ಸೇರಿದ್ದಿ” ಎಂದು ತಾನೇ ಹೇಳಿದ್ದಳು. ಅದೇ ಅವಳ ಕೊನೆಯ ಹಬ್ಬ. ಅಯ್ಯೋ... ಗೊತ್ತಿದ್ದೂ ಗೊತ್ತಿದ್ದೂ ಅವ್ವ ಮಗಳಿಗಾಗಿ ಸುಳ್ಳಾಡಿದ್ದಳು!

ಪರಶುರಾಮ್‌ಗೂ ಎಲ್ಲ ಕೇಳಿಸಿತ್ತು. ಇಷ್ಟು ವರ್ಷ ಬಾಯಿ ಬಿಡದ ಪುಣ್ಯಾತ್ಮ ಕಡೆಗೂ ಎದ್ದು ಬಂದ. “ಅವ್ವಾ, ಸತ್ತೋರ ಮೇಲೆ ಎಂಥ ಹಟ ಇದು? ಒಂದು ತಿಂದ್ರೆ ನಿನ್ನ ಗಂಟೇನು ಹೋಗ್ತೈತೆ?”

ಮಗನ ಮುಖ ನೋಡಿ ರುದ್ರಾಣಿಯ ದನಿ ತಗ್ಗಿತು. “ಆತು, ಕೊಡು ಇತ್ಲಾಗೆ...” ಎಂದು ಕೈ ಚಾಚಿದಳು.

ಮಾಲಾ ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು. ನೇರ ಹಿತ್ತಲಿಗೆ ನಡೆದು ಅಷ್ಟನ್ನೂ ತಾನೇ ಬಾನಿಗೆ ಸುರಿದಳು!

“ಈ ಮನೆಯಾಗೆ ನಮ್ಮವ್ವನ ಕೈಯಡುಗೆ ತಿಂದಿದ್ದು ಈ ಎಮ್ಮೆ ಒಂದೇ. ಇದೂ ಅದಕ್ಕೇ ಸೇರಲಿ. ನಿಮಗೆ ಈ ಜನ್ಮದಾಗೆ ಇಲ್ಲ ಅತ್ತೆ!”

ರುದ್ರಾಣಿ ಚಾಚಿದ ಕೈ ಮಡಚದೆ ನಿಂತಳು. ಮಾಲಾ ಬಾನಿಯ ಪಕ್ಕ ಕುಸಿದು, ಸೆರಗನ್ನು ಬಾಯಿಗೆ ತುರುಕಿಕೊಂಡು ಬಿಕ್ಕಿದಳು.

“ಅವ್ವಾ... ನಿನ್ನಂಗೆ ಆಗಾಕೆ ನನ್ನ ಕೈಲಿ ಆಗಲಿಲ್ಲವ್ವಾ!”