ಮುಗಿಯದ ಗೋಡೆ

ಸತತ ಆರನೇ ದಿನವೂ ಗಾರೆಯವನು ಕೂಲಿಗೆ ನಿಲ್ಲುವ ಮೂಲೆಯನ್ನು ದಾಟಿ ನೇರ ಪಿಟೀಲು ಮೇಡಂ ಮನೆ ಕಡೆ ನಡೆದ. ಹೋಗುವಾಗ ಬಣ್ಣದವಳ ಕಡೆ ನೋಡಿ ಒಂದು ಹುಬ್ಬು ಏರಿಸಿದ. ಟೀ ಕುಡಿಯುತ್ತಿದ್ದ ಅವಳು ಬೇಕೆಂದೇ ಲೋಟದೊಳಗೆ ಇಣುಕಿದಳು.

ಇವತ್ತು ಹೋದ ಮನೆಗೆ ನಾಳೆ ಹೋಗದವನು! ಒಂದೇ ಬಾಗಿಲಿಗೆ ಆರು ದಿನವಾ?

ಇಬ್ಬರೂ ಬೇರೆ ದಾರಿಯಿಲ್ಲದೆ ಈ ಮೂಲೆಗೆ ಬಂದವರಲ್ಲ. ಡಬ್ಬಿಯಲ್ಲಿ ಬಣ್ಣ ಮಾರುವುದಕ್ಕಿಂತ ಗೋಡೆಗೆ ಹಚ್ಚುವುದೇ ಹಿತವೆನಿಸಿ ಅವಳು ಪೇಂಟ್ ಶೋರೂಮಿನ ಕುರ್ಚಿ ಬಿಟ್ಟಿದ್ದಳು. ಅವನು ಕಂಟ್ರಾಕ್ಟರನ ಖಾಯಂ ಕೆಲಸ ಬಿಟ್ಟವನು. "ವರ್ಷವಿಡೀ ಒಬ್ಬನೇ ಯಜಮಾನ ಇದ್ರೆ ಅವನ ಮುಖ ಕಂಡ್ರೆ ಆಗಲ್ಲ. ದಿನಕ್ಕೊಬ್ಬ ಇದ್ರೆ ಎಲ್ಲರೂ ಒಳ್ಳೆಯವರೇ," ಎಂದು ಅವನು ನಕ್ಕ ದಿನವೇ ಅವಳ ಮನಸ್ಸು ಜಾರಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

"ಮೇಡಂ ಅವನನ್ನ ಖಾಯಂ ಮಾಡ್ಕೊತಾರಂತೆ," ಎಂದ ಪಕ್ಕದಲ್ಲಿದ್ದ ಸೌದೆ ಒಡೆಯುವ ತಾತ. "ಮನೆ, ಸಂಗೀತದ ಶಾಲೆ, ಎಲ್ಲ ನೋಡ್ಕೊಳ್ಳೋಕೆ."

"ಮಾಡ್ಕೊಳ್ಳಲಿ. ನನಗೇನು?"

ಅವಳು ಒಪ್ಪಿಕೊಂಡಿದ್ದ ಮಕ್ಕಳ ಶಾಲೆಯ ಬಣ್ಣದ ಕೆಲಸ ಅವತ್ತೇ ಮುಗಿಯಬೇಕಿತ್ತು. ಪಿಟೀಲು ನುಡಿಸುವ ಬೆರಳು ಎಷ್ಟು ನಾಜೂಕಾಗಿರಬಹುದು ಎಂದು ಯೋಚಿಸುತ್ತಾ ಕಿಟಕಿಯ ಗಾಜಿಗೂ ಬಣ್ಣ ಬಳಿದಳು. ಆಮೇಲೆ ಕೂತು ಕೆರೆದಳು.

ಮರುದಿನ ಬೆಳಗ್ಗೆ ಮೇಡಂ ತಾವೇ ಮೂಲೆಗೆ ಬಂದರು. "ನೀವೇ ಅಲ್ವಾ ಬಣ್ಣದವರು? ಬನ್ನಿ."

ಬರಲ್ಲ ಅನ್ನಬೇಕೆಂದುಕೊಂಡಳು. ಕಾಲು ಆಗಲೇ ಹೊರಟಿತ್ತು.

ಅವನು ಏಣಿಯ ಮೇಲಿದ್ದ. ರೆಪ್ಪೆಯ ಮೇಲೆಲ್ಲ ಸಿಮೆಂಟ್ ಪುಡಿ.

"ಟೀ ಆರುತ್ತೆ, ಇಳೀರಿ," ಎಂದರು ಮೇಡಂ.

ಇಳೀರಿ ಅಂತೆ! ಬಣ್ಣದವಳು ಒಣಗಿದ ಗೋಡೆಗೆ ಸ್ಯಾಂಡ್ ಪೇಪರ್ ಹಿಡಿದು ಗಸಗಸ ಉಜ್ಜತೊಡಗಿದಳು.

"ಗೋಡೆ ಏನು ತಪ್ಪು ಮಾಡ್ತು?" ಅವನು ಹತ್ತಿರ ಬಂದು ಪಿಸುಗುಟ್ಟಿದ.

"ನಿಮ್ಮ ಖಾಯಂ ಗೋಡೆ. ನೀವೇ ಕೇಳಿ."

"ಖಾಯಂ ಆಗಲ್ಲ ಅಂತ ಮೇಡಂಗೆ ಹೇಳಾಯ್ತಲ್ಲ."

"ಮತ್ತೆ ಇಷ್ಟು ದಿನ ಯಾಕೆ?"

ಉತ್ತರ ಮೇಡಂ ಕೊಟ್ಟರು. "ನನಗೂ ಅದನ್ನೇ ಕೇಳಿ ಸಾಕಾಯ್ತು! ಮೂರು ದಿನದ ಕೆಲಸ. ಕೂಲಿಯೂ ಮೂರೇ ದಿನದ್ದು ಸಾಕು ಅಂತಾರೆ, ಗೋಡೆ ಮಾತ್ರ ಮುಗಿಸಲ್ಲ. ನಿಮ್ಮ ಶಾಲೆ ಕೆಲಸ ಮುಗೀಬೇಕಂತೆ, ಇದಕ್ಕೆ ನೀವೇ ಬಣ್ಣ ಹಚ್ಚಬೇಕಂತೆ." ನಗುತ್ತಾ ಒಳಗೆ ಹೋದರು.

ಅವನ ಕಿವಿ ಕೆಂಪಾಗಿತ್ತು. "ನಾನು ಮಾಡಿದ ಗೋಡೆ ಮೇಲೆ ಬೇರೆಯವರ ಕೈ ಆಡೋದು ನನಗಾಗಲ್ಲ. ಹೊಟ್ಟೆಕಿಚ್ಚು ಅನ್ನಿ ಬೇಕಾದ್ರೆ."

"ನನ್ನಷ್ಟು ಇರಲ್ಲ ಬಿಡಿ!"

ಮಾತು ಜಾರಿಹೋಗಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು. ಅವನು ನಗಲಿಲ್ಲ. ಅವಳ ಕೈಯಿಂದ ಸ್ಯಾಂಡ್ ಪೇಪರ್ ಮೆಲ್ಲಗೆ ಬಿಡಿಸಿದ, ಕೈಯನ್ನು ಮಾತ್ರ ಬಿಡಲಿಲ್ಲ.

"ಇನ್ನು ಮುಂದೆ ಯಾರೇ ಕರೆದ್ರೂ?" ಎಂದಳು, ತಲೆ ತಗ್ಗಿಸಿ.

"ಇಬ್ಬರೂ ಬರ್ತೀವಿ ಅನ್ನೋಣ."

ಆ ಗೋಡೆಗೆ ಬಣ್ಣವಾದ ಮರುದಿನ ಮೂಲೆಗೆ ಲಾರಿಯೊಂದು ಬಂತು. "ಗಾರೆಯವನು ಒಬ್ಬ ಸಾಕು, ಲಾರಿ ಹತ್ತು!" ಎಂದು ಡ್ರೈವರ್ ಕೂಗಿದ.

"ಒಬ್ಬನೇ ಬರಲ್ಲ," ಎಂದ ಅವನು.

ಲಾರಿ ಹೊರಟುಹೋಯಿತು. ತಾತ ತಲೆ ಚಚ್ಚಿಕೊಂಡ. ಫುಟ್‌ಪಾತಿನ ಕಲ್ಲಿನ ಮೇಲೆ ಬಣ್ಣದವಳು ಅವನಿಗೆ ಭುಜ ತಾಗುವಷ್ಟು ಹತ್ತಿರ ಸರಿದು ಕೂತಳು.